ಬರ್ನಾರ್ದಿನೊ ಕಲಿಸಿದ ಕೈ

ತನ್ನ ಎರಡನೇ ಮದುವೆ ನಾಳೆ ಎನ್ನುವಾಗ ಒರ್ಸೋಲಿನಾ ಮಹಡಿಯಿಂದ ಮಗನ ಅಂಗಡಿಗೆ ಇಳಿದು ಬಂದಳು. ಸೊಂಟಕ್ಕೆ ಕಟ್ಟಿದ ಬಟ್ಟೆಗೆ ಕೈ ಒರೆಸಿಕೊಂಡಳು, ಕುಲುಮೆಯ ಹತ್ತಿರ ಬಿದ್ದಿದ್ದ ಇಕ್ಕಳ ಎತ್ತಿ ಗೋಡೆಗೆ ಸಿಕ್ಕಿಸಿದಳು, ಮತ್ತೆ ಕೈ ಒರೆಸಿಕೊಂಡಳು. ಹೆತ್ತ ಮಗನ ಹತ್ತಿರ ಒಂದು ಮಾತು ಕೇಳುವುದಕ್ಕೆ ಇಷ್ಟು ಸುತ್ತು ಹಾಕಬೇಕಾಯಿತು ಪಾಪ, ಆ ಹೆಂಗಸು.

“ನಾಳೆ ಸಂಜೆ ಬಾಗಿಲಲ್ಲಿ ನಿಂತ್ಕೋತೀಯಾ ಮಗಾ?” ಅಂದಳು. “ಮಾತಾಡೋದೇನೂ ಬೇಡ. ಟೋಪಿ ತೆಗ್ದು ಕೈಯಲ್ಲಿ ಹಿಡ್ಕೊಂಡು ನಿಂತ್ರೆ ಸಾಕು. ಒಳಗಿಂದ ನಾನು ವೈನ್ ಕಳಿಸ್ತೀನಿ. ಕುಡ್ಕೊಂಡು ಅವರ ಪಾಡಿಗೆ ಅವರು ಹೋಗ್ತಾರೆ.”

ತದ್ದೆಯೊ ಕೊಪ್ಪರಿಗೆಯ ಅಂಚು ಮಡಿಸುತ್ತಿದ್ದ. ತಲೆ ಎತ್ತಲಿಲ್ಲ.

“ನಾಳೆ ಕಾರ್ಪಿಗೆ ಹೋಗ್ಬೇಕವ್ವ. ಈ ಕೊಪ್ಪರಿಗೆ ಅಲ್ಲಿನ ಸನ್ಯಾಸಿನಿಯರ ಮಠದ್ದು. ನಾಳೆನೇ ಬೇಕಂತೆ.”

“ಒಂದಿನ ತಡೆಯೋಲ್ವೇನೋ ಅವರು?”

“ಮಾತು ಕೊಟ್ಬಿಟ್ಟಿದೀನಿ.”

“ಹಾಗಾದ್ರೆ ಸರಿ. ಮಾತು ಕೊಟ್ಮೇಲೆ ಹೋಗ್ಲೇಬೇಕು,” ಅಂದಳು ಒರ್ಸೋಲಿನಾ. ಮೆಟ್ಟಿಲು ಹತ್ತುವಾಗ ಒಂದು ಸಲ ನಿಂತಳು. ತದ್ದೆಯೊ ಸುತ್ತಿಗೆ ಎತ್ತಿ ಜೋರಾಗಿ ಬಡಿಯತೊಡಗಿದ. ಮಠದವರು ಉಪವಾಸದ ದಿನಗಳು ಶುರುವಾಗುವ ಮುಂಚೆ ಯಾವತ್ತು ತಂದರೂ ಆದೀತು ಅಂದಿದ್ದರು. ಅದು ಅವನಿಗೆ ಗೊತ್ತಿತ್ತು, ಅವಳಿಗೂ ಅನುಮಾನ ಇತ್ತು ಅಂತ ಕಾಣುತ್ತದೆ.

ಮೊದೆನಾ ಊರಿನಲ್ಲಿ ಗಂಡ ಸತ್ತವಳು ಇನ್ನೊಂದು ಮದುವೆಯಾದರೆ ಆ ಸಂಜೆ ಅವಳ ಕಿಟಕಿಯ ಕೆಳಗೆ ಬೀದಿಗೆ ಬೀದಿಯೇ ತಪ್ಪಲೆ, ಮುಚ್ಚಳ, ಹಂದಿ ಕೊಯ್ಯುವವರ ಕೊಂಬು, ಒಡೆದ ಗಂಟೆ ಎಲ್ಲ ಹಿಡಿದುಕೊಂಡು ಬಂದು ಬಡಿಯುತ್ತದೆ. ಮತ್ತಿನಾತಾ, ಅಂದರೆ ಬೆಳಗಿನ ಹಾಡು, ಅಂತ ಅದಕ್ಕೆ ಚೆಂದದ ಹೆಸರು ಬೇರೆ. ಗಂಡಸು ಎರಡನೇ ಮದುವೆಯಾದರೂ ಬಡಿಯುತ್ತಾರೆ, ಇಲ್ಲ ಅಂತಲ್ಲ. ಅವನಿಗೆ ನಾಲ್ಕು ತಪ್ಪಲೆಯಾದರೆ ಇವಳಿಗೆ ನಲವತ್ತು. ಕೇಳಿದರೆ, ಸತ್ತ ಗಂಡನ ಪರವಾಗಿ ನಾವು ಕೂಗುತ್ತಿದ್ದೇವೆ, ಪಾಪ ಅವನಿಗೆ ಬಾಯಿಲ್ಲವಲ್ಲ ಅನ್ನುತ್ತಾರೆ. ಬದುಕಿದ್ದಾಗ ಅವನಿಗೆ ಒಂದು ಲೋಟ ನೀರು ಕೊಡದವರೂ ಇದನ್ನೇ ಅನ್ನುತ್ತಾರೆ. ಪ್ರತಿ ವರ್ಷ ಕಾರ್ನಿವಲ್‌ಗೆ ಮುಂಚೆ ಊರ ಅಧಿಕಾರಿಗಳು ಕಹಳೆ ಊದಿಸಿ ಇದು ಕೂಡದು ಎಂದು ಸಾರಿಸುತ್ತಾರೆ. ಜನ ನಿಂತು ಕೇಳಿ, ತಲೆದೂಗಿ, ಮನೆಗೆ ಹೋಗಿ ತಪ್ಪಲೆ ಹುಡುಕುತ್ತಾರೆ.

ತಪ್ಪಿಸಿಕೊಳ್ಳುವುದಕ್ಕೆ ದಾರಿ ಒಂದೇ. ಮೊದಲ ಗಂಡನ ಬೆಳೆದ ಮಗ ಬರಿದಲೆಯಲ್ಲಿ ಮದುವೆ ಮನೆಯ ಬಾಗಿಲಿಗೆ ಬಂದು ನಿಂತರೆ, ಸತ್ತವನ ಮನೆ ಒಪ್ಪಿದೆ ಅಂತ ಲೆಕ್ಕ. ಆಮೇಲೆ ಯಾರೂ ಬಡಿಯುವ ಹಾಗಿಲ್ಲ. ಆದರೆ ಹಾಗೆ ನಿಂತವನನ್ನು ಊರು ಸುಮ್ಮನೆ ಬಿಡುವುದೂ ಇಲ್ಲ. ಕಾಲುವೆ ಕಡೆಯ ಚಮ್ಮಾರನ ಮಗನೊಬ್ಬ ಯಾವತ್ತೋ ನಿಂತಿದ್ದ; ಅವನಿಗೆ ಈಗ ಮೊಮ್ಮಕ್ಕಳಾಗಿವೆ, ಇವತ್ತಿಗೂ ಅವನನ್ನು ‘ಅವ್ವನ ಬಾಗಿಲು ಕಾದವನು’ ಅಂತಲೇ ಕರೆಯುತ್ತಾರೆ. ತದ್ದೆಯೊಗೆ ಆ ಹೆಸರಿನ ಹೆದರಿಕೆ. ಬೇರೆ ಏನೂ ಇಲ್ಲ. ಹೊಸ ಗಂಡ ಪೆಲ್ಲೆಗ್ರಿನೊ ಬೀದಿಯ ಕೊನೆಯಲ್ಲಿ ಮೇಣದಬತ್ತಿ ಎರೆಯುವವನು. ಮೆತ್ತನೆಯ ಬೆರಳು, ಮೆತ್ತನೆಯ ಮಾತು, ನೊಣಕ್ಕೂ ಕೆಟ್ಟದ್ದು ಬಯಸದ ಮನುಷ್ಯ. ಅವನನ್ನು ದ್ವೇಷಿಸಲು ತದ್ದೆಯೊ ತಿಂಗಳುಗಟ್ಟಲೆ ಪ್ರಯತ್ನಪಟ್ಟು ಸೋತಿದ್ದ.

ಇವರಿದ್ದ ಕಂಚುಗಾರರ ಬೀದಿಯ ಒಂದು ಸಂಗತಿ ಹೇಳಬೇಕು, ಹೇಳದಿದ್ದರೆ ಮುಂದಿನದು ಅರ್ಥವಾಗದು. ಅಲ್ಲಿ ಬೆಳಿಗ್ಗೆಯಿಂದ ಸಂಜೆ ಗಂಟೆಯವರೆಗೆ ಸುತ್ತಿಗೆ ನಿಲ್ಲುವುದಿಲ್ಲ. ಹೊರಗಿನವರಿಗೆ ಅದು ಬರೀ ಗದ್ದಲ, ಕಿವಿ ಮುಚ್ಚಿಕೊಂಡು ಓಡುತ್ತಾರೆ. ಅಲ್ಲಿ ಹುಟ್ಟಿದವರಿಗೆ ಪ್ರತಿಯೊಬ್ಬನ ಕೈಯೂ ಬೇರೆ. ಯಾರ ಸುತ್ತಿಗೆ, ಇವತ್ತು ಅವನಿಗೆ ಹಸಿವೋ ಸಿಟ್ಟೋ, ರಾತ್ರಿ ಹೆಂಡತಿಯ ಹತ್ತಿರ ಬೈಸಿಕೊಂಡನೋ, ಎಲ್ಲ ಅಡುಗೆಮನೆಯಲ್ಲಿ ಕೂತ ಹೆಂಗಸರಿಗೆ ಗೊತ್ತಾಗುತ್ತದೆ. ತದ್ದೆಯೊನ ಅಪ್ಪ ಬರ್ನಾರ್ದಿನೊ ಎರಡು ಬಲವಾದ ಏಟು ಹಾಕಿ, ಸುತ್ತಿಗೆಯನ್ನು ಅಡಿಗಲ್ಲಿನ ಮೇಲೆ ಸಣ್ಣಗೆ ಕುಣಿಸಿ ಉಸಿರೆಳೆದುಕೊಂಡು, ಮತ್ತೆ ಎರಡು ಹಾಕುತ್ತಿದ್ದ. ಠಣ್ ಠಣ್, ತಿಣಿಣಿ. ಠಣ್ ಠಣ್, ತಿಣಿಣಿ. ಮಗನ ಪುಟ್ಟ ಕೈಯನ್ನು ತನ್ನ ಕೈಯೊಳಗೆ ಹಿಡಿದು ಅದನ್ನೇ ಕಲಿಸಿದ್ದ. ಜ್ವರದಲ್ಲಿ ಅಪ್ಪ ತೀರಿಕೊಂಡ ಮೇಲೆ ಮಗ ಮೊದಲ ದಿನ ಅಂಗಡಿ ತೆರೆದು ಬಡಿದಾಗ, ಎದುರುಮನೆಯ ಸಾಂತೆ ಅಜ್ಜ ಕೆಲಸ ಬಿಟ್ಟು ಹೊರಗೆ ಬಂದು ಕಣ್ಣೊರೆಸಿಕೊಂಡಿದ್ದ.

ಮದುವೆಯ ದಿನ ತದ್ದೆಯೊ ಬೆಳಿಗ್ಗೆ ಚರ್ಚಿನಲ್ಲಿ ತಾಯಿಯ ಹಿಂದೆ ನಿಂತ. ಆಮೇಲೆ ಅವಳು ಗಂಡನ ಮನೆಗೆ ಹೋದಳು, ಇವನು ಕೊಪ್ಪರಿಗೆ ಹೊತ್ತು ಕಾರ್ಪಿ ದಾರಿಗೆ ತೆರೆಯುವ ಊರ ಹೆಬ್ಬಾಗಿಲಿನ ಕಡೆ ಹೊರಟ. ಮೊಣಕಾಲಿನಿಂದ ಕೆಳಗೆ ಕಾಣದಷ್ಟು ಮಂಜು. ಬಾಗಿಲ ಹತ್ತಿರ ಒಬ್ಬ ಗಾಡಿಯವ ಕಾರ್ಪಿಗೇ ಹೊರಟಿದ್ದ. ಕೊಪ್ಪರಿಗೆಯನ್ನು ಅವನ ಗಾಡಿಗೆ ಹಾಕಿದ ತದ್ದೆಯೊ ತಾನು ಹತ್ತಲಿಲ್ಲ. ಯಾಕೆ ಹತ್ತಲಿಲ್ಲವೋ. ಹೋಗಿಬಿಟ್ಟಿದ್ದರೆ ಅವನು ಬರೀ ಹೇಡಿಯಾಗಿರುತ್ತಿದ್ದ, ಅಷ್ಟರಲ್ಲೇ ಮುಗಿಯುತ್ತಿತ್ತು. ವಾಪಸು ಹೋಗಿ ಬಾಗಿಲಲ್ಲಿ ನಿಲ್ಲೋಣ ಅಂತ ಒಂದು ಮನಸ್ಸು, ಬೇಡ ಅಂತ ಒಂದು ಮನಸ್ಸು. ಎರಡರ ನಡುವೆ ಹೆಂಡದಂಗಡಿ ಸಿಕ್ಕಿತು, ಒಳಗೆ ಹೋಗಿ ಕೂತ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕುದುರೆ ಜೀನು ಹೊಲಿಯುವವರ ಮಗ ಗಾಸ್ಪಾರೊ ತನ್ನ ದಂಡು ಕಟ್ಟಿಕೊಂಡು ಅಲ್ಲಿಗೇ ಬಂದ. ಚಿಕ್ಕಂದಿನಿಂದ ಇಬ್ಬರೂ ಜೊತೆಗಾರರು. ಎಲ್ಲರ ಕೈಯಲ್ಲೂ ಕಾರ್ನಿವಲ್‌ನ ಕಾಗದದ ಮುಖವಾಡ, ಸೊಂಟದಲ್ಲಿ ತಪ್ಪಲೆ.

“ಅರೆ, ಕಾರ್ಪಿ ಇಷ್ಟು ಹತ್ತಿರ ಬಂದ್ಬಿಡ್ತಾ ಮಾರಾಯ?” ಅಂದ ಗಾಸ್ಪಾರೊ. ಎಲ್ಲರೂ ಹೋ ಎಂದು ನಕ್ಕರು. “ಮೇಣದಪ್ಪನ ಮಗ ಇಲ್ಲಿ ಕೂತು ಕರಗ್ತಾ ಇದಾನೆ ನೋಡ್ರೋ!”

“ಬಾಯ್ಮುಚ್ಚೋ.”

“ಮುಚ್ತೀನಪ್ಪ. ನೀನು ಬಾಗಿಲಲ್ಲಿ ನಿಲ್ತೀಯೇನು, ಹೇಳು. ನಿಂತ್ರೆ ನಾವು ಒಂದೊಂದು ಲೋಟ ಕುಡ್ದು ಮನೆಗೆ ಹೋಗ್ತೀವಿ, ದೇವರಾಣೆ. ನಾಳೆಯಿಂದ ನಿಂಗೊಂದು ಒಳ್ಳೇ ಹೆಸರೂ ಇಡ್ತೀವಿ.”

“ನಾನ್ಯಾಕೆ ನಿಲ್ಲಲಿ?”

“ಹಾಗಾದ್ರೆ ಬಾ ನಮ್ಜೊತೆ. ಎರಡೂ ಅಲ್ದೆ ಇಲ್ಲಿ ಕೂತು ಲೋಟ ನೆಕ್ತಾ ಇದ್ರೆ ನಿನ್ನ ಏನಂತ ಕರೀಬೇಕೋ?” ಗಾಸ್ಪಾರೊ ಪಕ್ಕದಲ್ಲಿ ಕೂತು ಹೆಗಲ ಮೇಲೆ ಕೈ ಹಾಕಿದ. ದನಿ ಇಳಿಸಿದ. “ನಿಮ್ಮಪ್ಪ ಬರ್ನಾರ್ದಿನೊ ಎಂಥಾ ಮನುಷ್ಯ ಕಣೋ. ಅವನ ಹಾಸಿಗೇಲಿ ಇವತ್ತು ಮೇಣದ ಬೆರಳಿನೋನು. ಅವನ ಪರವಾಗಿ ಬಡಿಯೋಕೆ ಊರೋರು ನಾವು ಇದೀವಿ, ಹೆತ್ತ ಮಗ ಇಲ್ಲ. ಹೋಗ್ಲಿ ಬಿಡು.”

ಆಡಿನ ಮುಖವಾಡವೊಂದನ್ನು ಅವನ ಮುಂದೆ ಮೇಜಿನ ಮೇಲೆ ಇಟ್ಟು ಎದ್ದ. ಇನ್ನೊಂದು ಲೋಟ ಕುಡಿದು ತದ್ದೆಯೊ ಅದನ್ನು ಕಟ್ಟಿಕೊಂಡ, ಯಾರೋ ಚಾಚಿದ ತಪ್ಪಲೆಯನ್ನೂ ಕೋಲನ್ನೂ ತೆಗೆದುಕೊಂಡ.

ಸಂಜೆ ಗಂಟೆ ಹೊಡೆಯಿತು, ಬೀದಿಯ ಸುತ್ತಿಗೆಗಳು ಒಟ್ಟಿಗೆ ನಿಂತವು. ಪೆಲ್ಲೆಗ್ರಿನೊನ ಮನೆಯ ಮುಂದೆ ಆಗಲೇ ಜನ ಕಿಕ್ಕಿರಿದಿದ್ದರು. ಬಾಗಿಲು ಖಾಲಿ. ಅದರ ಪಕ್ಕದಲ್ಲಿ ಒಂದು ಸಣ್ಣ ವೈನ್ ಪೀಪಾಯಿ, ಸಾಲಾಗಿ ಜೋಡಿಸಿದ ಲೋಟಗಳು. ಆ ಲೋಟಗಳನ್ನು ಒರೆಸಿ ಜೋಡಿಸಿದವಳು ಅವ್ವನೇ ಎಂದು ತದ್ದೆಯೊಗೆ ನೋಡಿದ ತಕ್ಷಣ ಗೊತ್ತಾಯಿತು; ಹಿಡಿ ಎಲ್ಲ ಒಂದೇ ಕಡೆಗೆ ತಿರುಗಿದ್ದವು. ಗಾಸ್ಪಾರೊ ಬಾಗಿಲ ಕಡೆ ನೋಡಿ, “ಸತ್ತೋನ ಮನೆಯವರು ಯಾರಾದ್ರೂ ಇದೀರಾ?” ಅಂತ ಮೂರು ಸಲ ಕೂಗಿದ. ಹಾಗೆ ಕೂಗುವುದು ಕ್ರಮ. ಮೂರು ಸಲವೂ ತದ್ದೆಯೊ ಸುಮ್ಮನೆ ನಿಂತ, ಅವನ ಪಕ್ಕದಲ್ಲೇ.

ಆಮೇಲೆ ಶುರುವಾಯಿತು. ಕಂಚುಗಾರರ ಬೀದಿಯ ಮತ್ತಿನಾತಾ ಅಂದರೆ ಕೇಳಬೇಕೇ? ಬೇರೆ ಕಡೆ ಮನೆಯ ತೂತು ತಪ್ಪಲೆ ತರುತ್ತಾರೆ. ಇಲ್ಲಿ ಮಾರುವುದಕ್ಕೆ ಇಟ್ಟ ಹೊಸ ಹಂಡೆಗಳೇ ಬಂದಿದ್ದವು. ಗೋಡೆಗಳು ಅದುರಿದವು. ಮೊದಮೊದಲು ತದ್ದೆಯೊ ತಪ್ಪಲೆಯನ್ನು ಎದೆಗೆ ಅವುಚಿಕೊಂಡು ನಿಂತಿದ್ದ.

“ಏನೋ, ನಿನ್ ತಪ್ಪಲೆಗೆ ಜ್ವರಾನಾ?” ಎಂದು ಗಾಸ್ಪಾರೊ ಕಿವಿಯಲ್ಲಿ ಕಿರುಚಿದ.

ಒಂದು ಏಟು ಹಾಕಿದ. ಇನ್ನೊಂದು ಹಾಕಿದ. ಆಮೇಲೆ ಏನಾಯಿತೋ, ಎದೆಯಲ್ಲಿ ಗಂಟು ಕಟ್ಟಿದ್ದದ್ದೆಲ್ಲ ಕೈಗೆ ಇಳಿಯಿತು. ಅಪ್ಪ ಸತ್ತದ್ದು, ಅವ್ವ ಇತ್ತೀಚೆಗೆ ಅಡುಗೆ ಮಾಡುತ್ತಾ ಹಾಡಿಕೊಳ್ಳತೊಡಗಿದ್ದು, ಆ ಹಾಡು ತನಗಾಗಿ ಅಲ್ಲದ್ದು, ಬಾಗಿಲಲ್ಲಿ ನಿಲ್ಲು ಅಂತ ಕೇಳಿ ತನ್ನನ್ನು ಸಿಕ್ಕಿಹಾಕಿಸಿದ್ದು, ತಾನು ಸುಳ್ಳು ಹೇಳಿದ್ದು, ಆ ಸುಳ್ಳನ್ನು ಅವಳು ಹಾಗೆ ತಣ್ಣಗೆ ನುಂಗಿಕೊಂಡದ್ದು. ಕಣ್ಣು ಮುಚ್ಚಿ ಬಡಿದ. ಬಲವಂತಕ್ಕೆ ಬಡಿದ ಅಂತ ಆಮೇಲೆ ತನಗೆ ತಾನೇ ಎಷ್ಟು ಸಲ ಹೇಳಿಕೊಂಡರೂ ಅದು ನಿಜವಲ್ಲ. ಅವನಿಗೆ ಅದು ಹಿತವಾಗಿತ್ತು. ಥೂ, ಹೇಳುವುದಕ್ಕೂ ನಾಚಿಕೆ, ಆದರೆ ಹಿತವಾಗಿತ್ತು.

ಮುಖಕ್ಕೆ ಮುಖವಾಡ ಹಾಕಿದ್ದ, ದಡ್ಡ. ಕೈಗೆ ಹಾಕಿರಲಿಲ್ಲ.

ಮೊದಲು ನಿಲ್ಲಿಸಿದವನು ಸಾಂತೆ ಅಜ್ಜ. ಮುಚ್ಚಳ ಹಿಡಿದಿದ್ದ ಕೈ ಅರ್ಧಕ್ಕೇ ನಿಂತಿತು, ತಲೆ ಓರೆ ಮಾಡಿ ಆಲಿಸಿದ. ಅವನ ಪಕ್ಕದ ಕಂಚುಗಾರ ನಿಲ್ಲಿಸಿದ, ಅವನ ಅಣ್ಣ ನಿಲ್ಲಿಸಿದ. ಮೆಟ್ಟಿಲ ಮೇಲೆ ನಿಂತು ಸೌಟು ಬಡಿಯುತ್ತಿದ್ದ ಹೆಂಗಸರು ಬಾಯಿಗೆ ಕೈ ಇಟ್ಟುಕೊಂಡರು. ಬೇರೆ ಬೀದಿಯ ಹುಡುಗರು ಇನ್ನೂ ಸ್ವಲ್ಪ ಹೊತ್ತು ಬಡಿದು, ಎಲ್ಲರೂ ಯಾಕೆ ಸುಮ್ಮನಾದರು ಅಂತ ತಿಳಿಯದೆ ತಾವೂ ಸುಮ್ಮನಾದರು. ಆ ಮಂಜಿನಲ್ಲಿ ಒಂದೇ ಒಂದು ತಪ್ಪಲೆ ಉಳಿಯಿತು. ಠಣ್ ಠಣ್, ತಿಣಿಣಿ. ಠಣ್ ಠಣ್, ತಿಣಿಣಿ.

ಮೇಲೆ ಕಿಟಕಿಯ ಹಲಗೆ ದಡಾರನೆ ತೆರೆಯಿತು.

“ಬರ್ನಾರ್ದಿನೊ?” ಅಂದಳು ಒರ್ಸೋಲಿನಾ.

ಕರೆದದ್ದಲ್ಲ ಅದು, ಬೆಚ್ಚಿಬಿದ್ದ ದನಿ. ಗಂಡ ಬದುಕಿದ್ದಾಗ ಊಟಕ್ಕೆ ಕರೆಯುತ್ತಿದ್ದ ಹೆಸರೇ, ಆದರೆ ಈ ಸ್ವರದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಬೀದಿಯಲ್ಲಿ ಕೆಲವರು ಶಿಲುಬೆಯ ಗುರುತು ಹಾಕಿಕೊಂಡರು. ತದ್ದೆಯೊ ಕಣ್ಣು ತೆರೆದ. ಅಪ್ಪನ ಹೆಸರು ಕಿವಿಗೆ ಬಿದ್ದ ಮೇಲೆಯೇ ತಾನೊಬ್ಬನೇ ಬಡಿಯುತ್ತಿರುವುದು ಅವನಿಗೆ ಕೇಳಿಸಿತು. ಕೈ ನಿಂತಿತು. ನೆಲ ಬಾಯಿ ಬಿಟ್ಟು ನುಂಗಿಬಿಡಬಾರದೇ ಅನ್ನಿಸಿತು. ಮೊದೆನಾದ ನೆಲಕ್ಕೆ ಅಷ್ಟು ದಯೆ ಇಲ್ಲ.

ಒರ್ಸೋಲಿನಾ ಕಿಟಕಿಯ ಚೌಕಟ್ಟು ಹಿಡಿದು ಕೆಳಗೆ ನೋಡಿದಳು. ಹಿಂದಿನಿಂದ ಪೆಲ್ಲೆಗ್ರಿನೊ ಅವಳನ್ನು ಒಳಗೆ ಎಳೆಯುತ್ತಿದ್ದ. ಹಂದಿ, ಕರಡಿ, ದೆವ್ವ, ಆಡು, ಎಲ್ಲ ಮುಖಗಳ ಮೇಲೂ ಅವಳ ಕಣ್ಣು ಹಾದುಹೋಯಿತು. ಆಡಿನ ಮೇಲೆ ನಿಲ್ಲದೆ ಮುಂದೆ ಹೋಯಿತು. ಸತ್ತವರು ತಪ್ಪಲೆ ಬಡಿಯುವುದಿಲ್ಲ, ಬರ್ನಾರ್ದಿನೊ ಆ ಕೈಯನ್ನು ಇನ್ಯಾರಿಗೆ ಕಲಿಸಿದ್ದ ಎಂಬುದು ಅವಳಿಗೆ ಹೊಳೆಯಲು ಎಷ್ಟು ಹೊತ್ತು ಬೇಕು?

“ಆಯ್ತೇನ್ರಪ್ಪ ಎಲ್ಲಾರ್ದೂ?” ಅಂದಳು. ದನಿ ಸರಿ ಮಾಡಿಕೊಂಡಿದ್ದಳು. “ವೈನ್ ಇಟ್ಟಿದೀನಿ, ಕುಡೀರಿ. ನನ್ನ ಮಗ ಊರಲ್ಲಿಲ್ಲ. ಕೆಲಸದ ಮೇಲೆ ಕಾರ್ಪಿಗೆ ಹೋಗಿದಾನೆ. ಇದ್ದಿದ್ರೆ ಅವನೇ ಬಾಗಿಲಲ್ಲಿ ನಿಂತು ನಿಮಗೆಲ್ಲ ಬಗ್ಗಿಸಿಕೊಡ್ತಿದ್ದ.”

ಕಿಟಕಿ ಮುಚ್ಚಿತು. ಯಾರೂ ಲೋಟಕ್ಕೆ ಕೈ ಹಾಕಲಿಲ್ಲ. ಗಾಸ್ಪಾರೊ ಕೂಡ ಸದ್ದಿಲ್ಲದೆ ಜಾಗ ಖಾಲಿ ಮಾಡಿದ. ಜನ ಒಬ್ಬೊಬ್ಬರಾಗಿ ಕರಗುವಾಗ ಸಾಂತೆ ಅಜ್ಜ ಆಡಿನ ಮುಖವಾಡದವನ ಹತ್ತಿರ ಬಂದು, ಅವನ ಕೈಯಿಂದ ತಪ್ಪಲೆ ತೆಗೆದುಕೊಂಡ.

“ನಾಳೆ ಸಂಜೆಗೆ ಮುಂಚೆ ಬೀದೀಲಿ ಕಾಣಿಸ್ಕೋಬೇಡ,” ಅಂದ, ಬೇರೆ ಕಡೆ ನೋಡುತ್ತಾ. “ಕಾರ್ಪಿಯಿಂದ ಬರೋಕೆ ಅಷ್ಟು ಹೊತ್ತಾಗುತ್ತೆ.”

ಮರುದಿನ ಹೊತ್ತು ಇಳಿಯುವವರೆಗೆ ಊರ ಹೊರಗಿನ ಕಾಲುವೆ ದಂಡೆಯಲ್ಲಿ ಕೂತಿದ್ದು ತದ್ದೆಯೊ ಬೀದಿಗೆ ಬಂದ. ಯಾರೂ ಬೈಯಲಿಲ್ಲ, ಯಾರೂ ಉಗಿಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಬ್ಬೊಬ್ಬರೂ ಬಲು ಮರ್ಯಾದೆಯಿಂದ, “ಬಂದ್ಯೇನಪ್ಪ ಕಾರ್ಪಿಯಿಂದ?” ಅಂದರು. ಪ್ರತಿಯೊಬ್ಬರಿಗೂ ಹ್ಞೂಂ ಅನ್ನಬೇಕಾಯಿತು. ಅಂಗಡಿ ತೆರೆದು ಕುಲುಮೆ ಹೊತ್ತಿಸಿ ಸುತ್ತಿಗೆ ಎತ್ತಿದ; ಎತ್ತಿದ್ದು ಎತ್ತಿದ ಹಾಗೇ ಉಳಿಯಿತು. ಬಡಿದರೆ ಬೀದಿಗೆಲ್ಲ ಆ ಕೈ ಕೇಳುತ್ತದೆ. ಬೇರೆ ಥರ ಬಡಿದು ನೋಡಿದ, ಒಂದೊಂದೇ ಏಟು ಬಿಡಿಬಿಡಿಯಾಗಿ. ಏಟು ತಪ್ಪಿ ತಾಮ್ರ ನಗ್ಗಿತು. ಸುತ್ತಿಗೆ ಕೆಳಗಿಟ್ಟು ಮೂಲೆಯಲ್ಲಿ ಕೂತುಬಿಟ್ಟ.

ಆಗ ಪೆಲ್ಲೆಗ್ರಿನೊ ಬಂದ. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ.

“ನಿನ್ನ ಪಾಲು ತೆಗೆದಿಟ್ಟಿದ್ವಿ ಮಗಾ,” ಅಂದ, ಮಗಾ ಅನ್ನುವಾಗ ಸ್ವಲ್ಪ ಅಂಜಿಕೊಂಡು. “ಹಂದಿ ಕಾಲು, ಬೇಯಿಸಿದ ಕಾಳು. ತಣ್ಣಗಾಗಿದೆ, ಕುಲುಮೆ ಮೇಲಿಟ್ರೆ ಬಿಸಿಯಾಗುತ್ತೆ.” ತಟ್ಟೆ ಇಟ್ಟು ಹೋಗದೆ ನಿಂತ. “ನಿನ್ನೆ ಬಂದು ಬಡಿದ್ರು. ಕೇಳಿರ್ತೀಯ. ನಿಮ್ಮವ್ವ ರಾತ್ರಿಯೆಲ್ಲ ಒಂದೇ ಮಾತು. ನನ್ ಮಗ ಇದ್ದಿದ್ರೆ ಯಾರಿಗೂ ಧೈರ್ಯ ಬರ್ತಿರಲಿಲ್ಲ, ನನ್ ಮಗ ಇದ್ದಿದ್ರೆ ಅಂತ. ಅದ್ಯಾವನೋ ಕೊನೇಲಿ ಒಬ್ಬನೇ ಬಡೀತಿದ್ದ ನೋಡು, ಅವನ ಕೈ ಸೇದಿಹೋಗ್ಲಿ. ಅವನಿಂದ ಅವಳು ತುಂಬಾ ನೊಂದ್ಕೊಂಡ್ಳು. ನನಗೆ ಈ ಬಡಿತಗಳ ವ್ಯತ್ಯಾಸ ಗೊತ್ತಾಗಲ್ಲ, ನಮ್ಮ ಕೆಲಸದಲ್ಲಿ ಸದ್ದೇ ಇಲ್ವಲ್ಲ. ಯಾರು ಅಂತ ಎಷ್ಟು ಕೇಳಿದ್ರೂ ಹೇಳಲಿಲ್ಲ.”

ತದ್ದೆಯೊಗೆ ಇನ್ನು ತಡೆಯಲಾಗಲಿಲ್ಲ. ಹೇಳಿಬಿಡುತ್ತೇನೆ, ಈ ಮನುಷ್ಯ ನನ್ನ ಕಪಾಳಕ್ಕೆ ಹೊಡೆಯಲಿ, ಆಮೇಲೆ ಎಲ್ಲ ಹಗುರವಾಗುತ್ತದೆ ಅಂದುಕೊಂಡ. ಎದ್ದು ನಿಂತ.

“ಆ ಕೊನೇಲಿ ಬಡಿದೋನು...” ಅಂದ.

“ತದ್ದೆಯೊ!”

ಬಾಗಿಲಲ್ಲಿ ಒರ್ಸೋಲಿನಾ ನಿಂತಿದ್ದಳು. ಒಂದೇ ರಾತ್ರಿಯಲ್ಲಿ ಮುಖ ಇಳಿದುಹೋಗಿತ್ತು. ಗಂಡನನ್ನು ನೋಡಿ, “ಮೇಲೆ ನನ್ನ ಉಣ್ಣೆ ಶಾಲು ಉಳ್ಕೊಂಡಿದೆ, ಸ್ವಲ್ಪ ತಂದ್ಬಿಡ್ತೀರಾ?” ಅಂದಳು. ಪೆಲ್ಲೆಗ್ರಿನೊ ಮೆಟ್ಟಿಲು ಹತ್ತಿದ.

“ಅವ್ವ, ನಾನು...”

“ಹೇಳ್ಬೇಡ.” ಹತ್ತಿರ ಬಂದು ಅವನ ಅಂಗಿಯ ತೋಳು ಹಿಡಿದುಕೊಂಡಳು. ದನಿ ಪಿಸುಗುಟ್ಟುತ್ತಿತ್ತು, ಹಿಡಿತ ಮಾತ್ರ ಬಿಗಿಯಾಗಿತ್ತು. “ಹೇಳಿದ್ರೆ ನಿಂಗೆ ಹಗುರ ಆಗುತ್ತೆ. ನಂಗೆ? ಊರೆಲ್ಲ ಬಡೀತು, ಬಡೀಲಿ, ಅದು ಎಲ್ಲ ವಿಧವೆಯರಿಗೂ ಇದ್ದದ್ದೇ. ಹೆತ್ತ ಮಗನೇ ಬಂದು ಬಡಿದ ಅಂತ ಆದ್ರೆ ಆ ಮನುಷ್ಯನ ಮುಂದೆ ನಾನು ಯಾವ ಮುಖ ಇಟ್ಕೊಂಡು ಬದುಕಲಿ? ನನ್ನ ಮಗ ಕಾರ್ಪಿಗೆ ಹೋಗಿದ್ದ. ನಂಗೆ ಉಳಿದಿರೋದು ಅದೊಂದೇ ಕಣೋ. ಅದನ್ನೂ ಕಿತ್ಕೋಬೇಡ.”

ಮೆಟ್ಟಿಲ ಮೇಲೆ ಪೆಲ್ಲೆಗ್ರಿನೊನ ಹೆಜ್ಜೆ ಕೇಳಿತು. ಒರ್ಸೋಲಿನಾ ಮಗನ ತೋಳು ಬಿಟ್ಟು, ಬಾಗಿಲ ಹೊರಗೂ ಕೇಳುವ ಹಾಗೆ ಗಟ್ಟಿಯಾಗಿ ಮಾತಾಡಿದಳು.

“ದಾರಿ ಹೇಗಿತ್ತಪ್ಪ? ಕಾರ್ಪಿ ಕಡೆ ಮಂಜು ಜಾಸ್ತಿನಾ?”

ಬೀದಿಯ ಸುತ್ತಿಗೆಗಳು ನಿಂತಿದ್ದವು. ಸಂಜೆ ಗಂಟೆ ಇನ್ನೂ ಹೊಡೆದಿರಲಿಲ್ಲ. ಎದುರು ಅಂಗಡಿಯಲ್ಲಿ ಸಾಂತೆ ಅಜ್ಜ ಸುತ್ತಿಗೆ ಮಡಿಲಲ್ಲಿ ಇಟ್ಟುಕೊಂಡು ಕಾಯುತ್ತಿದ್ದ.

“ಜಾಸ್ತಿ ಇತ್ತವ್ವ,” ಅಂದ ತದ್ದೆಯೊ. ಬೀದಿಗೆ ಕೇಳುವ ಹಾಗೆ ಮತ್ತೆ ಗಟ್ಟಿಯಾಗಿ ಹೇಳಬೇಕಾಯಿತು. “ಬಹಳ ಇತ್ತು. ಗಾಡಿ ಮೆಲ್ಲಗೆ ಹೊಡೀಬೇಕಾಯ್ತು.”

ಕೇಳಿದವರಲ್ಲಿ ಅದನ್ನು ನಂಬಿದವನು ಪೆಲ್ಲೆಗ್ರಿನೊ ಒಬ್ಬನೇ. ಶಾಲನ್ನು ಹೆಂಡತಿಯ ಹೆಗಲಿಗೆ ಹೊದಿಸಿ, ತಟ್ಟೆಯ ಮೇಲಿನ ಬಟ್ಟೆ ತೆಗೆದು ಹುಡುಗನ ಮುಂದೆ ಸರಿಸಿದ.

“ಪಾಪ, ಅಷ್ಟು ದೂರದಿಂದ ಬಂದಿದೀಯ. ತಿನ್ನು ಮಗಾ,” ಅಂದ.

ತದ್ದೆಯೊ ತಿಂದ.